ನಿನ್ನ ಕಥೆ ನಾನು ಓದುತ್ತೇನೆ



ಸಿನಿಮಾ ಬರೆಯಬೇಕು, ಸಿನಿಮಾ ಮಾಡಬೇಕು ಎಂಬ ಆಸೆ ಹತ್ತಿದವರು ಒಂದು ಕಾಲಕ್ಕೆ ಮೊದಲು ಮಾಡುತ್ತಿದ್ದ ಕೆಲಸ ಬೆಂಗಳೂರಿನ ಬಸ್ಸು ಹತ್ತುವುದು. ಮೆಜೆಸ್ಟಿಕ್ಕಿನಲ್ಲಿ ಇಳಿದು ನಾಲ್ಕು ಹೆಜ್ಜೆ ಹಾಕಿದರೆ ಗಾಂಧಿನಗರ. ಅಲ್ಲಿ ನಿರ್ಮಾಪಕರ, ವಿತರಕರ ಆಫೀಸುಗಳು. ಕೈಯಲ್ಲಿ ಕಥೆ ಬರೆದ ನೋಟ್‌ಬುಕ್ಕು, ಜೇಬಿನಲ್ಲಿ ಊರಿನವರು ಯಾರೋ ಬರೆದುಕೊಟ್ಟ ಒಂದು ಹೆಸರು. ಆ ಹೆಸರಿನವರು ಸಿಕ್ಕಿದರೆ, ಸಿಕ್ಕಿ ಅವರಿಗೆ ಮನಸ್ಸೂ ಬಂದರೆ, ಯಾವುದೋ ಚಿತ್ರಕ್ಕೆ ಸಹಾಯಕನಾಗಿ ಸೇರಿ ಕ್ಲ್ಯಾಪ್ ಹೊಡೆದು, ಕಂಟಿನ್ಯುಟಿ ಬರೆದು, ವರ್ಷಗಟ್ಟಲೆ ಕಾದ ಮೇಲೆ ಒಂದು ದಿನ ತನ್ನ ಕಥೆಯನ್ನು ನಿರ್ಮಾಪಕರ ಮುಂದೆ ಹೇಳುವ ಸರದಿ ಬರುತ್ತಿತ್ತು. ಬೀದರ, ರಾಯಚೂರಿನ ಕಡೆಯವರಿಗೆ ಈ ದಾರಿ ಇನ್ನೂ ಉದ್ದವಾಗಿತ್ತು. ಹೆಣ್ಣುಮಕ್ಕಳಲ್ಲಿ ಇದನ್ನು ತುಳಿದವರನ್ನು ಬೆರಳ ಮೇಲೆ ಎಣಿಸಬಹುದು.

ಈ ದಾರಿಯಲ್ಲೇ ನಡೆದು ದೊಡ್ಡ ಕೆಲಸ ಮಾಡಿದವರು ನಮ್ಮಲ್ಲಿ ಬಹಳ ಮಂದಿ. ಅವರ ಮೇಲೆ ನನಗೆ ಅಪಾರ ಗೌರವ. ಆದರೆ ಅಲ್ಲಿ ಏನಿದ್ದರೂ ಮೇಲಿದ್ದವರು ಕೆಳಗಿದ್ದವರಿಗೆ ಕೊಡಬೇಕು. ಇಬ್ಬರು ಹೊಸಬರು, ಇಬ್ಬರೂ ಬರಿಗೈಯವರು, ಒಬ್ಬರಿಗೊಬ್ಬರು ಏನು ಕೊಟ್ಟುಕೊಳ್ಳಬಹುದು ಎಂದು ಯಾರೂ ಯೋಚಿಸುತ್ತಿರಲಿಲ್ಲ. ಕಳೆದ ಹತ್ತು ಹದಿನೈದು ವರ್ಷಗಳಲ್ಲಿ, ಅಂತರ್ಜಾಲ ಬಂದ ಮೇಲೆ, ಈ ಬರಿಗೈಯವರು ಪರಸ್ಪರ ಪರಿಚಯ ಮಾಡಿಕೊಂಡರು. ಅವರು ಏನು ಕೊಟ್ಟುಕೊಂಡರು, ಇನ್ನೂ ಏನು ಕೊಟ್ಟುಕೊಳ್ಳಬಹುದು ಎಂಬುದು ಇವತ್ತಿನ ನನ್ನ ಮಾತು.

ಕನ್ನಡದಲ್ಲಿ ಈ ಮಾತು ಎತ್ತಿದರೆ ಮೊದಲು ಹೇಳಬೇಕಾದ ಹೆಸರು ‘ಲೂಸಿಯಾ’. ಪವನ್ ಕುಮಾರ್ ಅವರು ಅದಕ್ಕೆ ಮುಂಚೆ ಯೋಗರಾಜ ಭಟ್ಟರ ಜೊತೆ ‘ಮನಸಾರೆ’, ‘ಪಂಚರಂಗಿ’ ಚಿತ್ರಗಳ ಬರವಣಿಗೆಯಲ್ಲಿ ದುಡಿದಿದ್ದರು. 2011ರಲ್ಲಿ ‘ಲೈಫು ಇಷ್ಟೇನೇ’ ಚಿತ್ರವನ್ನು ತಾವೇ ನಿರ್ದೇಶಿಸಿದ್ದರು. ಅಂದರೆ ಅವರು ಪೂರಾ ಹೊಸಬರೂ ಅಲ್ಲ. ಆದರೂ ‘ಲೂಸಿಯಾ’ದ ಚಿತ್ರಕಥೆಗೆ ಹಣ ಹಾಕುವವರು ಸಿಗಲಿಲ್ಲ. ಚಿತ್ರಮಂದಿರದಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವ ಹುಡುಗ, ಅವನಿಗೆ ನಿದ್ದೆ ಬರುವುದಿಲ್ಲ, ಒಂದು ಮಾತ್ರೆ ನುಂಗಿದರೆ ಕನಸಿನಲ್ಲಿ ಅವನೊಬ್ಬ ಸಿನಿಮಾ ತಾರೆ. ಯಾವುದು ಕನಸು, ಯಾವುದು ನನಸು ಎಂದು ನೋಡುವವನೇ ಗುರುತು ಹಿಡಿಯಬೇಕು. ಇಂಥ ಕಥೆಯನ್ನು ಒಂದು ಗಂಟೆ ಕೂತು ಬಾಯಲ್ಲಿ ಹೇಳಿ ಒಪ್ಪಿಸುವುದು ಎಷ್ಟು ಕಷ್ಟ ಎಂದು ನೀವೇ ಊಹಿಸಿ.

ಆಗ ಪವನ್ ಅಂತರ್ಜಾಲದಲ್ಲಿ ಒಂದು ಬರಹ ಹಾಕಿದರು. ಸಿನಿಮಾ ಮಾಡುವ ಈಗಿನ ರೀತಿಯಲ್ಲಿ ತಮಗೆ ಏನು ಸರಿ ಕಾಣುತ್ತಿಲ್ಲ ಎಂಬುದನ್ನು ಮುಚ್ಚುಮರೆಯಿಲ್ಲದೆ ಬರೆದು, ಈ ಚಿತ್ರಕ್ಕೆ ನೋಡುಗರೇ ನಿರ್ಮಾಪಕರಾಗಲಿ ಎಂದು ಕೇಳಿದರು. 27 ದಿನಗಳಲ್ಲಿ 51 ಲಕ್ಷ ರೂಪಾಯಿ ಕೂಡಿತು. ಕೊಟ್ಟವರು ಸುಮಾರು 110 ಜನ. ಅವರಲ್ಲಿ ಬಹುಪಾಲು ಜನ ಪವನ್ ಅವರ ಮುಖವನ್ನೇ ನೋಡಿದವರಲ್ಲ. ಚಿತ್ರದ ನಾಯಕ, ಹೆಗ್ಗೋಡಿನ ನೀನಾಸಂನಲ್ಲಿ ಕಲಿತು ಬಂದ ಸತೀಶ್. ಸಂಗೀತ, ಲೇಖಕರ ಹೆಸರನ್ನೇ ಹೊತ್ತ ಇನ್ನೊಬ್ಬ ಪೂರ್ಣಚಂದ್ರ ತೇಜಸ್ವಿ ಅವರದು. ಮೈಸೂರಿನ ನವೀನ್ ಸಜ್ಜು ಅವರ ದನಿ ನಾಡಿಗೆ ಗೊತ್ತಾದದ್ದು ಆ ಹಾಡುಗಳಿಂದ. 2013ರ ಜುಲೈಯಲ್ಲಿ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಚಿತ್ರ ತೆರೆಕಂಡು ಪ್ರೇಕ್ಷಕರ ಆಯ್ಕೆಯ ಪ್ರಶಸ್ತಿ ಪಡೆಯಿತು. ಸೆಪ್ಟೆಂಬರಿನಲ್ಲಿ ನಮ್ಮ ಚಿತ್ರಮಂದಿರಗಳಿಗೆ ಬಂತು.

‘ಲೂಸಿಯಾ’ ಎಂದರೆ ಎಲ್ಲರೂ ಆ 51 ಲಕ್ಷದ ಮಾತು ಆಡುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಬೇರೆ. ಜನರಿಂದ ಹಣ ಎತ್ತಿ ಸಿನಿಮಾ ಮಾಡುವುದು ನಮ್ಮ ದೇಶಕ್ಕೆ ಹಳೆಯದು. 1976ರ ‘ಮಂಥನ್’ ಚಿತ್ರಕ್ಕೆ ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಕೊಟ್ಟರು. ಶ್ಯಾಮ್ ಬೆನಗಲ್ ನಿರ್ದೇಶಿಸಿದ ಆ ಚಿತ್ರದಲ್ಲಿ ನಮ್ಮ ಗಿರೀಶ ಕಾರ್ನಾಡರು, ಅನಂತ್ ನಾಗ್ ಇಬ್ಬರೂ ಇದ್ದಾರೆ. ಕೇರಳದಲ್ಲಿ ಜಾನ್ ಅಬ್ರಹಾಂ ಮತ್ತು ಗೆಳೆಯರು ಒಡೆಸ್ಸಾ ಎಂಬ ಕೂಟ ಕಟ್ಟಿ, ಊರೂರಿಗೆ ಹೋಗಿ ಸಿನಿಮಾ ತೋರಿಸಿ, ಕಾಸು ಕೂಡಿಸಿ 1986ರಲ್ಲಿ ‘ಅಮ್ಮ ಅರಿಯಾನ್’ ಮಾಡಿದರು. ಆದ್ದರಿಂದ ಹಣದ ಲೆಕ್ಕದಲ್ಲಿ ‘ಲೂಸಿಯಾ’ ಒಂದು ಪರಂಪರೆಯ ಮುಂದುವರಿಕೆ. ಅದು ಹೊಸದಾಗಿ ಮಾಡಿದ್ದೇನೆಂದರೆ, ಒಬ್ಬ ಬರಹಗಾರ ತನ್ನ ಕಷ್ಟವನ್ನು ಬಯಲಿನಲ್ಲಿ ನಿಂತು ಹೇಳಿಕೊಂಡ. ಅದನ್ನು ಓದಿದ ಸಾವಿರಾರು ಹುಡುಗ ಹುಡುಗಿಯರಿಗೆ, ನನ್ನ ಹಾಗೆಯೇ ಪರದಾಡುತ್ತಿರುವವರು ಬೇರೆಯವರೂ ಇದ್ದಾರೆ ಎಂದು ಗೊತ್ತಾಯಿತು. ಆ ಬರಹದ ಕೆಳಗೆ ಪ್ರತಿಕ್ರಿಯೆ ಬರೆಯುತ್ತ ಬರೆಯುತ್ತ ಪರಿಚಯವಾದವರು ಆಮೇಲೆ ಕಿರುಚಿತ್ರ ಮಾಡಿದರು, ಒಬ್ಬರ ಚಿತ್ರಕ್ಕೆ ಇನ್ನೊಬ್ಬರು ಸಂಕಲನ ಮಾಡಿಕೊಟ್ಟರು. ಪವನ್ ಕೂಡ ಮುಂದೆ 2017ರಲ್ಲಿ ಮಂಗಳೂರಿನ ರಾಜ್ ಬಿ. ಶೆಟ್ಟಿ ಅವರ ಮೊದಲ ಚಿತ್ರ ‘ಒಂದು ಮೊಟ್ಟೆಯ ಕಥೆ’ಯ ಬೆನ್ನಿಗೆ ನಿಂತರು. ತಲೆಗೂದಲು ಉದುರಿದ ಕನ್ನಡ ಮೇಷ್ಟ್ರು ನಾಯಕನಾಗಿ, ಮಂಗಳೂರಿನ ಕನ್ನಡವನ್ನೇ ಆಡಿದ ಆ ಚಿತ್ರ ನಾಡಿನುದ್ದಕ್ಕೂ ಓಡಿತು.

‘ಲೂಸಿಯಾ’ ಬಂದು ಹತ್ತು ವರ್ಷ ಕಳೆದು 2023ರಲ್ಲಿ ‘ಡೇರ್‌ಡೆವಿಲ್ ಮುಸ್ತಾಫಾ’ ಬಂತು. ಲೇಖಕ ಪೂರ್ಣಚಂದ್ರ ತೇಜಸ್ವಿಯವರ ಕಥೆ, ಶಶಾಂಕ್ ಸೋಗಾಲ್ ನಿರ್ದೇಶನ. ಇದಕ್ಕೆ ಹಣ ಹಾಕಿದವರು ನೂರಕ್ಕೂ ಹೆಚ್ಚು ಮಂದಿ ತೇಜಸ್ವಿ ಓದುಗರು. ಓದುಗರು ಎಂಬುದನ್ನು ದಯವಿಟ್ಟು ಗಮನಿಸಿ. ಒಬ್ಬ ಲೇಖಕನನ್ನು ಪ್ರೀತಿಸಿ ಓದಿದವರು, ಬೇರೆ ಬೇರೆ ಊರುಗಳಲ್ಲಿ ಇದ್ದವರು, ಒಂದು ಕಥೆಯ ನೆಪದಲ್ಲಿ ಒಟ್ಟಾದರು. ಚಿತ್ರ ಸಿದ್ಧವಾದ ಮೇಲೆ ನಟ ಧನಂಜಯ ಅದನ್ನು ಅರ್ಪಿಸಿದರು. ರಾಜ್ಯ ಸರ್ಕಾರ ತೆರಿಗೆ ವಿನಾಯಿತಿ ಕೊಟ್ಟಿತು.

ಜನರ ಹಣದಿಂದ ಆದ ಈ ಎರಡು ಚಿತ್ರಗಳ ಯಶಸ್ಸಿನಿಂದ ಹೊಸಬರು ತಪ್ಪು ಪಾಠ ಕಲಿಯುವ ಅಪಾಯ ಇದೆ. ಅಂತರ್ಜಾಲಕ್ಕೆ ಹೋಗುವುದು ದುಡ್ಡಿಗೆ ಅಥವಾ ದೊಡ್ಡವರ ಪರಿಚಯಕ್ಕೆ ಎಂದು ಅವರು ತಿಳಿದುಬಿಡುತ್ತಾರೆ. ನಾನು ಕೆಲವು ವರ್ಷಗಳಿಂದ ಇಂಥ ಗುಂಪುಗಳಲ್ಲಿ ಹೊಸಬರ ಚಿತ್ರಕಥೆಗಳನ್ನು ಓದುತ್ತಿದ್ದೇನೆ. ಅಲ್ಲಿಗೆ ಬರುವ ಹತ್ತರಲ್ಲಿ ಎಂಟು ಸಂದೇಶ ಒಂದೇ ಧಾಟಿಯವು: ‘ಸರ್, ನನ್ನ ಹತ್ತಿರ ಒಂದು ಬ್ಲಾಕ್‌ಬಸ್ಟರ್ ಕಥೆ ಇದೆ, ಪ್ರೊಡ್ಯೂಸರ್ ನಂಬರ್ ಕೊಡಿ.’ ಆ ಹುಡುಗರ ಆತುರ ನನಗೆ ಅರ್ಥವಾಗುತ್ತದೆ. ಆದರೆ ಅವರಿಗೆ ಈಗ ಬೇಕಾದವರು ನಿರ್ಮಾಪಕರಲ್ಲ. ಬರೆದ ಪುಟಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿ, ‘ನಲವತ್ತನೇ ಪುಟದ ಹೊತ್ತಿಗೆ ನಿನ್ನ ನಾಯಕಿಗೆ ಏನು ಬೇಕು ಅನ್ನೋದೇ ನನಗೆ ಮರೆತು ಹೋಯಿತು’ ಎಂದು ಹೇಳುವ ಒಬ್ಬ ಗೆಳೆಯ ಅಥವಾ ಗೆಳತಿ ಬೇಕು.

ಕನ್ನಡ ಚಿತ್ರರಂಗದಲ್ಲಿ ಇಂಥ ಓದುಗರು ಕಡಿಮೆ ಆದದ್ದಕ್ಕೆ ಕಾರಣವಿದೆ. ನಮ್ಮದು ಕಥೆ ಹೇಳುವ ಉದ್ಯಮ. ‘ನರೇಷನ್’ ಎನ್ನುತ್ತಾರೆ. ನಿರ್ದೇಶಕ ಆಗಬೇಕಾದವನು ನಾಯಕನಟರ ಮುಂದೆ, ನಿರ್ಮಾಪಕರ ಮುಂದೆ ಕೂತು, ಹಿನ್ನೆಲೆ ಸಂಗೀತವನ್ನೂ ಬಾಯಲ್ಲೇ ನುಡಿಸುತ್ತ, ಎರಡು ಗಂಟೆ ಕಥೆ ಹೇಳುತ್ತಾನೆ. ಚೆನ್ನಾಗಿ ಹೇಳುವವನು ಗೆದ್ದ. ಬರೆಯಲು ಬಲ್ಲವನು, ಆದರೆ ನಾಲ್ಕು ಜನರ ಎದುರು ಮಾತು ಹೊರಡದವನು, ಅಲ್ಲೇ ಸೋತ. ಪೂರ್ತಿ ಬರೆದ ಚಿತ್ರಕಥೆಯನ್ನು, ‘ಬೌಂಡ್ ಸ್ಕ್ರಿಪ್ಟ್’ ಎಂದು ಕರೆಯುವುದನ್ನು, ಎದುರಿಗಿಟ್ಟು ಓದುವ ಅಭ್ಯಾಸ ತೀರಾ ಇತ್ತೀಚಿನದು. ಎಷ್ಟೋ ಚಿತ್ರಗಳಿಗೆ ಸಂಭಾಷಣೆ ಸೆಟ್ಟಿನಲ್ಲಿ, ಶಾಟಿಗೆ ಬೆಳಕು ಜೋಡಿಸುವ ಹೊತ್ತಿನಲ್ಲಿ ಬರೆದದ್ದಿದೆ. ಬರವಣಿಗೆ ಕಾಗದದ ಮೇಲೆ ನಿಲ್ಲದಿದ್ದರೆ ಅದನ್ನು ಇನ್ನೊಬ್ಬರು ತಿದ್ದುವುದಾದರೂ ಹೇಗೆ? ಅಂತರ್ಜಾಲದ ಗೆಳೆತನ ಇಲ್ಲಿ ಒಂದು ಬದಲಾವಣೆಯನ್ನು ಬಲವಂತವಾಗಿಯೇ ತಂದಿತು. ಕಲಬುರಗಿಯಲ್ಲಿ ಇರುವವನು ಮಡಿಕೇರಿಯಲ್ಲಿ ಇರುವವಳಿಗೆ ತನ್ನ ಕಥೆ ತೋರಿಸಬೇಕಾದರೆ, ಅವನು ಅದನ್ನು ಬರೆಯಲೇಬೇಕು.

ಇದರಲ್ಲಿ ಒಂದು ಚಿಕ್ಕ, ಆದರೆ ನಿಜವಾದ ತೊಡಕು ನಮ್ಮ ಲಿಪಿಯದು. ಹಳಬರು ‘ನುಡಿ’ ಅಥವಾ ‘ಬರಹ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಫಾಂಟಿನ ಕಡತವನ್ನು ವಾಟ್ಸಾಪಿನಲ್ಲಿ ಕಳಿಸಿದರೆ, ತೆರೆದವರ ಮೊಬೈಲಿನಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಓದಬೇಕೆಂದು ಕೂತವರು ಅಲ್ಲಿಗೇ ಬಿಡುತ್ತಾರೆ. ಯೂನಿಕೋಡಿನಲ್ಲಿ ಬರೆದು, ಪಿಡಿಎಫ್ ಮಾಡಿ ಕಳಿಸಿದರೆ ಈ ತಾಪತ್ರಯ ಇಲ್ಲ. ಚಿತ್ರಕಥೆ ಬರೆಯಲು ದುಬಾರಿ ತಂತ್ರಾಂಶ ಬೇಕೆಂದೂ ಇಲ್ಲ. 2012ರಲ್ಲಿ ಹೊರಬಂದ ‘ಫೌಂಟನ್’ ಎಂಬ ಬರೆಯುವ ಕ್ರಮ ಇದೆ. ಅದರಲ್ಲಿ ದೃಶ್ಯದ ತಲೆಬರಹ, ಪಾತ್ರದ ಹೆಸರು, ಮಾತು ಎಲ್ಲವನ್ನೂ ಸಾದಾ ಅಕ್ಷರಗಳಲ್ಲೇ ಬರೆಯಬಹುದು. ಯಾವ ಮೊಬೈಲಿನಲ್ಲೂ ತೆರೆಯಬಹುದು. ಅದರ ಹಿಂದೆ ಇದ್ದವರಲ್ಲಿ ಒಬ್ಬರು ಜಾನ್ ಆಗಸ್ಟ್, ಹಾಲಿವುಡ್ಡಿನ ಚಿತ್ರಕಥೆಗಾರ. ಹೊಸಬರ ಪ್ರಶ್ನೆಗಳಿಗೆ ಎರಡು ದಶಕಗಳಿಂದ ಅಂತರ್ಜಾಲದಲ್ಲಿ ಉತ್ತರ ಬರೆಯುತ್ತಿರುವವರು. 2011ರಿಂದ ಕ್ರೇಗ್ ಮೇಜಿನ್ ಎಂಬ ಇನ್ನೊಬ್ಬ ಬರಹಗಾರರ ಜೊತೆ ‘ಸ್ಕ್ರಿಪ್ಟ್‌ನೋಟ್ಸ್’ ಎಂಬ ಮಾತುಕತೆಯನ್ನು ವಾರ ವಾರ ಕೇಳಿಸುತ್ತ ಬಂದಿದ್ದಾರೆ. ಆಕಾಶವಾಣಿ ಕೇಳಿ ಬೆಳೆದ ನನಗೆ ಅದು ನಮ್ಮದೇ ಒಂದು ಸರಣಿ ಭಾಷಣದ ಹಾಗೆ ಹಿತವಾಗಿದೆ.

ಅಮೆರಿಕದವರ ಅನುಭವದಿಂದ ನಾವು ತೆಗೆದುಕೊಳ್ಳಬೇಕಾದದ್ದು ಇನ್ನೂ ಒಂದಿದೆ. ‘ಗಾಡ್‌ಫಾದರ್’ ನಿರ್ದೇಶಿಸಿದ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ ಅವರು ಅಂತರ್ಜಾಲದ ಆರಂಭದ ವರ್ಷಗಳಲ್ಲೇ ತಮ್ಮ ‘ಜೊಯೆಟ್ರೋಪ್’ ಸಂಸ್ಥೆಯಿಂದ ಬರಹಗಾರರಿಗೆ ಒಂದು ತಾಣ ತೆರೆದರು. ಯಾರು ಬೇಕಾದರೂ ಸೇರಬಹುದಿತ್ತು, ಬರೆದದ್ದನ್ನು ಹಾಕಬಹುದಿತ್ತು. ಒಂದೇ ಕಟ್ಟಳೆ. ತಮ್ಮದನ್ನು ಹಾಕುವ ಮುಂಚೆ ಬೇರೆಯವರದನ್ನು ಇಂತಿಷ್ಟು ಓದಿ ಅಭಿಪ್ರಾಯ ಬರೆದಿರಬೇಕಿತ್ತು. 2002ರಲ್ಲಿ ಶುರುವಾದ ‘ಟ್ರಿಗರ್‌ಸ್ಟ್ರೀಟ್’ ಎಂಬ ತಾಣದಲ್ಲೂ ಓದಿದವರಿಗೇ ಓದಿಸುವ ಹಕ್ಕು ಇತ್ತು. ಈ ಕಟ್ಟಳೆಯನ್ನು ಯಾರು ಯೋಚಿಸಿದರೋ, ಅವರಿಗೆ ಬರಹಗಾರರ ಸ್ವಭಾವ ಚೆನ್ನಾಗಿ ಗೊತ್ತಿತ್ತು. ನಾವೆಲ್ಲ ಓದಿಸಿಕೊಳ್ಳಲು ಹಂಬಲಿಸುತ್ತೇವೆ. ಓದಲು ಮಾತ್ರ ಸಮಯ ಸಿಗುವುದಿಲ್ಲ. ಕಟ್ಟಳೆ ಇದ್ದರೂ ಕೆಲವರು ಮೇಲೆ ಮೇಲೆ ಕಣ್ಣಾಡಿಸಿ ಎರಡು ಸಾಲು ಗೀಚಿ ಲೆಕ್ಕ ತುಂಬಿಸುತ್ತಿದ್ದರು. ಆದರೂ ಒಟ್ಟಿನಲ್ಲಿ ಅದು ಕೆಲಸ ಮಾಡಿತು. ಬೇರೆಯವರ ಹತ್ತು ಹಸಿ ಚಿತ್ರಕಥೆಗಳನ್ನು ಓದಿದವನಿಗೆ ತನ್ನದರ ಹುಳುಕು ತಾನಾಗಿ ಕಾಣತೊಡಗುತ್ತದೆ. ದೊಡ್ಡ ದೊಡ್ಡ ನಿರ್ದೇಶಕರ ಪರಿಪೂರ್ಣ ಚಿತ್ರಗಳನ್ನು ನೋಡಿದರೆ ಈ ಕಣ್ಣು ಬರುವುದಿಲ್ಲ. ಅಲ್ಲಿ ಹೊಲಿಗೆ ಕಾಣದಂತೆ ಮುಚ್ಚಿರುತ್ತಾರೆ.

ನಾನು ಸೇರಿರುವ ಒಂದು ಗುಂಪಿನಲ್ಲಿ ನಾವು ಈ ಕಟ್ಟಳೆಯನ್ನು ಇಟ್ಟುಕೊಂಡಿದ್ದೇವೆ. ಜೊತೆಗೆ ಇನ್ನೊಂದು ಅಭ್ಯಾಸವೂ ಬೆಳೆದಿದೆ. ಭಾನುವಾರ ರಾತ್ರಿ ಎಲ್ಲರೂ ಫೋನಿನಲ್ಲಿ ಕೂಡಿ, ಪಾತ್ರ ಹಂಚಿಕೊಂಡು, ಒಬ್ಬರ ಚಿತ್ರಕಥೆಯನ್ನು ಗಟ್ಟಿಯಾಗಿ ಓದುತ್ತೇವೆ. ಬರೆದವರು ಮಾತ್ರ ಬಾಯಿ ಬಿಡುವಂತಿಲ್ಲ, ಕೇಳಿಸಿಕೊಳ್ಳಬೇಕು. ರೇಡಿಯೋ ನಾಟಕ ಬರೆದವರಿಗೆ ಇದರ ಗುಟ್ಟು ಗೊತ್ತು: ಕಣ್ಣಿಗೆ ಚೆನ್ನಾಗಿ ಕಂಡ ಸಂಭಾಷಣೆ ಕಿವಿಗೆ ಬಿದ್ದಾಗ ಸುಳ್ಳಾಗಿದ್ದರೆ ತಕ್ಷಣ ತಿಳಿಯುತ್ತದೆ.

ಒಮ್ಮೆ ಸಿಂಧನೂರಿನ ಕಡೆಯ ಒಬ್ಬ ಶಿಕ್ಷಕಿಯ ಚಿತ್ರಕಥೆ ಓದಿದೆವು. ಅಕ್ಕಿ ಗಿರಣಿಯಲ್ಲಿ ದುಡಿಯುವ ತಾಯಿ, ಪಿಯುಸಿ ಓದುವ ಮಗಳು. ಕಥೆ ಗಟ್ಟಿಯಾಗಿತ್ತು. ಆದರೆ ಮಾತುಗಳು ಎಲ್ಲೋ ನಿರ್ಜೀವ. ತಾಯಿ ಮಗಳಿಗೆ, ‘ಊಟ ಮಾಡಿದೆಯಾ ಮಗಳೇ?’ ಎಂದು ಕೇಳುತ್ತಿದ್ದಳು. ತಾಯಿಯ ಪಾತ್ರ ಓದುತ್ತಿದ್ದವರು ಲಿಂಗಸೂಗೂರಿನವರು. ಮೂರ್ನಾಲ್ಕು ಪುಟ ಸಹಿಸಿದರು. ಆಮೇಲೆ ಅವರಿಗೆ ತಡೆಯಲಾಗಲಿಲ್ಲ. ಪುಟದಲ್ಲಿ ಇದ್ದದ್ದನ್ನು ಬಿಟ್ಟು, ‘ಉಂಡೀ ಏನವ್ವಾ?’ ಎಂದುಬಿಟ್ಟರು. ಫೋನಿನ ಆ ತುದಿಯಲ್ಲಿ ಬರೆದಾಕೆ ನಕ್ಕದ್ದು ಕೇಳಿಸಿತು. ಓದು ಮುಗಿದ ಮೇಲೆ ಆಕೆ ಹೇಳಿದರು: ‘ನಮ್ಮವ್ವ ಹಂಗ ಮಾತಾಡ್ತಾಳ್ರಿ. ಆದ್ರ ಸಿನಿಮಾದಾಗ ಹಂಗ ಬರೀಬಾರ್ದು ಅಂತ ಅನ್ಕೊಂಡಿದ್ದೆ.’ ಬೆಂಗಳೂರು ಮೈಸೂರಿನ ಕನ್ನಡವೇ ಸಿನಿಮಾದ ಕನ್ನಡ ಎಂಬ ನಂಬಿಕೆ ಆಕೆಗೆ ಯಾರೂ ಕಲಿಸಿದ್ದಲ್ಲ, ನೋಡಿ ನೋಡಿ ಬಂದದ್ದು. ಎರಡು ತಿಂಗಳಲ್ಲಿ ಆಕೆ ಇಡೀ ಚಿತ್ರಕಥೆಯ ಮಾತನ್ನು ತಿರುಗಿ ಬರೆದರು. ಕಥೆ ಒಂದಿಷ್ಟೂ ಬದಲಾಗಲಿಲ್ಲ. ಆ ತಾಯಿ ಮಾತ್ರ ಎದ್ದು ಕೂತಳು.

ಈ ಒಂದು ವಿಷಯಕ್ಕಾಗಿಯಾದರೂ ಕನ್ನಡದ ಹೊಸಬರು ಊರೂರುಗಳ ನಡುವೆ ಗೆಳೆತನ ಕಟ್ಟಿಕೊಳ್ಳಬೇಕು ಎಂದು ನನ್ನ ಬಲವಾದ ಅಭಿಪ್ರಾಯ. ನಮ್ಮ ಕನ್ನಡ ಒಂದಲ್ಲ. ಬೆಂಗಳೂರಿನಲ್ಲಿ ಕೂತು ಕುಂದಾಪುರದ ಮೀನುಗಾರನ ಮಾತು ಬರೆಯುವವರು ಒಂದು ಫೋನು ಮಾಡಿ ಕೇಳಿದರೆ ತಪ್ಪೇನು? ‘ತಿಥಿ’ಯನ್ನು ನೆನೆಸಿಕೊಳ್ಳಿ. ಪ್ರಾಗ್‌ನಲ್ಲಿ ಸಿನಿಮಾ ಕಲಿತ ರಾಮ್ ರೆಡ್ಡಿ ಒಂದು ಕಡೆ, ಮಂಡ್ಯದ ನೊದೆಕೊಪ್ಪಲು ಊರನ್ನು ಒಳಗಿನಿಂದ ಬಲ್ಲ ಈರೇಗೌಡ ಇನ್ನೊಂದು ಕಡೆ. ಇಬ್ಬರೂ ಕೂಡಿ ಬರೆದರು. ಆ ಕಡೆಯ ಹಳ್ಳಿಗರೇ ನಟಿಸಿದರು. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಅದಕ್ಕೆ ಚಿನ್ನದ ಚಿರತೆ ಸಿಕ್ಕಿತು. ಅವರ ಭೇಟಿ ಅಂತರ್ಜಾಲದಲ್ಲಿ ಆದದ್ದಲ್ಲ, ನಿಜ. ಆದರೆ ಅಂಥ ಜೋಡಿ ಕೂಡಲು ಒಂದೇ ಊರಿನಲ್ಲಿ ಇರಬೇಕಾದ ಕಾಲ ಈಗ ಮುಗಿದಿದೆ. ಉತ್ತರ ಕನ್ನಡದ ನಟೇಶ್ ಹೆಗಡೆ ತಮ್ಮ ಊರಿನ ಕಾಡಿನ ನಡುವೆ, ತಮ್ಮ ತಂದೆಯನ್ನೇ ಮುಖ್ಯ ಪಾತ್ರದಲ್ಲಿ ಇಟ್ಟು ‘ಪೆಡ್ರೊ’ ಮಾಡಿದರು. 2021ರಲ್ಲಿ ಅದು ಬೂಸಾನ್ ಚಿತ್ರೋತ್ಸವಕ್ಕೆ ಹೋಯಿತು. ಮರುವರ್ಷ ಅದೇ ಬೂಸಾನಿನಲ್ಲಿ ಜೈಶಂಕರ್ ಆರ್ಯರ್ ಅವರ ‘ಶಿವಮ್ಮ ಯರೇಹಂಚಿನಾಳ’ಕ್ಕೆ ‘ನ್ಯೂ ಕರೆಂಟ್ಸ್’ ಪ್ರಶಸ್ತಿ ಬಂತು. ಯರೇಹಂಚಿನಾಳ ಕೊಪ್ಪಳ ಜಿಲ್ಲೆಯ ಹಳ್ಳಿ. ಚಿತ್ರದ ಮಾತು ಆ ಹಳ್ಳಿಯದೇ.

ಜೈಶಂಕರ್ ಅವರ ದಾರಿ ನೋಡಿದರೆ ಹೊಸಬರು ಗುಂಪಾಗಿ ಇದ್ದಾಗ ಏನಾಗುತ್ತದೆ ಎಂಬುದು ತಿಳಿಯುತ್ತದೆ. 2019ರಲ್ಲಿ ರಿಷಬ್ ಶೆಟ್ಟಿ ‘ಕಥಾ ಸಂಗಮ’ ಎಂಬ ಚಿತ್ರ ಮಾಡಿಸಿದರು. ಪುಟ್ಟಣ್ಣ ಕಣಗಾಲರ 1976ರ ಚಿತ್ರದ ಹೆಸರು ಅದು. ಏಳು ಕಥೆ, ಏಳು ಜನ ಹೊಸ ನಿರ್ದೇಶಕರು. ಅವರಲ್ಲಿ ಜೈಶಂಕರ್ ಒಬ್ಬರು. ಕಿರಣ್‌ರಾಜ್ ಇನ್ನೊಬ್ಬರು, ಮುಂದೆ ‘777 ಚಾರ್ಲಿ’ ಮಾಡಿದವರು. ಚಂದ್ರಜಿತ್ ಬೆಳ್ಯಪ್ಪ ಮತ್ತೊಬ್ಬರು, ‘ಇಬ್ಬನಿ ತಬ್ಬಿದ ಇಳೆಯಲಿ’ಯ ನಿರ್ದೇಶಕರು. ‘ಕಿರಿಕ್ ಪಾರ್ಟಿ’ಯ ಶೀರ್ಷಿಕೆಗಳಲ್ಲಿ ಬರವಣಿಗೆಯ ಹೆಸರಾಗಿ ‘ದಿ ಸೆವೆನ್ ಆಡ್ಸ್’ ಎಂದು ಬರುತ್ತದಲ್ಲ, ಅದು ರಕ್ಷಿತ್ ಶೆಟ್ಟಿ ಅವರ ಜೊತೆ ಕೂತು ಬರೆದ ಗೆಳೆಯರ ಬಳಗ. ತಮಿಳಿನಲ್ಲೂ ಹೀಗೆಯೇ ಆಯಿತು. ಕಲೈಞರ್ ಟಿವಿಯ ‘ನಾಳೈಯ ಇಯಕ್ಕುನರ್’ ಎಂಬ ಕಿರುಚಿತ್ರ ಸ್ಪರ್ಧೆಗೆ ಬಂದ ಕಾರ್ತಿಕ್ ಸುಬ್ಬರಾಜ್, ನಲನ್ ಕುಮಾರಸಾಮಿ ಮುಂತಾದವರು ಸ್ಪರ್ಧಿಗಳಾಗಿ ಬಂದು ಒಡನಾಡಿಗಳಾದರು. ಆ ಬಳಗದ ಕಿರುಚಿತ್ರಗಳಲ್ಲಿ ನಟಿಸುತ್ತಿದ್ದ, ಆಗಿನ್ನೂ ಅಷ್ಟೇನೂ ಹೆಸರಿಲ್ಲದ ನಟ ವಿಜಯ್ ಸೇತುಪತಿ. ಇವರು ಯಾರೂ ಮೇಲಿನವರು ಕೈಹಿಡಿದು ಎತ್ತಲಿ ಎಂದು ಕಾಯುತ್ತ ಕೂರಲಿಲ್ಲ. ಪಕ್ಕದವನ ಚಿತ್ರಕ್ಕೆ ದುಡಿದರು.

ಈಗ ಎಲ್ಲರೂ ಕೇಳುವ ಪ್ರಶ್ನೆಗೆ ಬರುತ್ತೇನೆ. ‘ಮುಖ ನೋಡದವರಿಗೆ ಕಥೆ ಕಳಿಸಿದರೆ ಕದ್ದುಬಿಟ್ಟರೆ?’ ಇದು ಸಣ್ಣ ಭಯವಲ್ಲ. ಇದಕ್ಕೆ ಹೆದರಿ ಹತ್ತು ವರ್ಷ ಒಂದೇ ಕಥೆಯನ್ನು ಟ್ರಂಕಿನಲ್ಲಿ ಇಟ್ಟುಕೊಂಡವರನ್ನು ನಾನು ಬಲ್ಲೆ. ಕಾನೂನು ಏನು ಹೇಳುತ್ತದೆ ಎಂದು ಮೊದಲು ತಿಳಿದುಕೊಳ್ಳೋಣ. 1978ರಲ್ಲಿ ಸುಪ್ರೀಂ ಕೋರ್ಟು ಆರ್.ಜಿ. ಆನಂದ್ ಮೊಕದ್ದಮೆಯಲ್ಲಿ ಒಂದು ತೀರ್ಪು ಕೊಟ್ಟಿತು. ‘ಹಮ್ ಹಿಂದೂಸ್ತಾನಿ’ ಎಂಬ ನಾಟಕ ಬರೆದವರು, ‘ನ್ಯೂ ಡೆಲ್ಲಿ’ ಎಂಬ ಹಿಂದಿ ಚಿತ್ರ ತಮ್ಮ ನಾಟಕದ ನಕಲು ಎಂದು ದೂರಿದ್ದರು. ಬರೀ ಯೋಚನೆಗೆ, ವಿಷಯಕ್ಕೆ ಕೃತಿಸ್ವಾಮ್ಯ ಇಲ್ಲ; ಆ ಯೋಚನೆಯನ್ನು ಹೇಗೆ ಬರೆದಿದ್ದೀರಿ, ಕಟ್ಟಿದ್ದೀರಿ ಎಂಬುದಕ್ಕೆ ಇದೆ ಎಂದು ನ್ಯಾಯಾಲಯ ಹೇಳಿತು. ಅಂದರೆ, ‘ಹಳ್ಳಿಯ ಹುಡುಗ ಪಟ್ಟಣಕ್ಕೆ ಬಂದು ಮೋಸ ಹೋಗುತ್ತಾನೆ’ ಎಂದು ಫೇಸ್‌ಬುಕ್ಕಿನಲ್ಲಿ ಒಂದು ಸಾಲು ಬರೆದು, ಆಮೇಲೆ ಅದು ನನ್ನದು ಎಂದರೆ ನಡೆಯುವುದಿಲ್ಲ. ದೃಶ್ಯ ದೃಶ್ಯವಾಗಿ ಬರೆದ ನೂರು ಪುಟ ಇದ್ದರೆ, ಅದು ನಿಮ್ಮ ಆಸ್ತಿ. ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು. ನೋಂದಣಿ ಮಾಡಿಸಿದರೆ ಪುರಾವೆ ಗಟ್ಟಿಯಾಗುತ್ತದೆ. ಕೇಂದ್ರ ಸರ್ಕಾರದ ಕಾಪಿರೈಟ್ ಕಚೇರಿಯಲ್ಲಿ ಮಾಡಿಸಬಹುದು. ಮುಂಬಯಿಯ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ನಿನ ಸದಸ್ಯರಾದರೆ ಮನೆಯಲ್ಲೇ ಕೂತು ಅಂತರ್ಜಾಲದ ಮೂಲಕ ಮಾಡಿಸಬಹುದು. ನಿಮ್ಮ ವಿಳಾಸಕ್ಕೆ ನೀವೇ ರಿಜಿಸ್ಟರ್ಡ್ ಪೋಸ್ಟ್ ಮಾಡಿಕೊಂಡು ಲಕೋಟೆ ಒಡೆಯದೆ ಇಡುತ್ತಿದ್ದ ಹಳೆಯ ಪದ್ಧತಿಯನ್ನು ನಂಬಿಕೊಂಡು ಕೂರಬೇಡಿ. ಇನ್ನು ಯಾರಿಗೆ, ಯಾವ ದಿನ, ಯಾವ ಕರಡನ್ನು ಕಳಿಸಿದಿರಿ ಎಂಬುದು ಇಮೇಲಿನಲ್ಲಿ ತಾನಾಗಿ ದಾಖಲಾಗುತ್ತದೆ. ಗಾಂಧಿನಗರದ ಕೋಣೆಯೊಂದರಲ್ಲಿ ಬಾಯಲ್ಲಿ ಹೇಳಿದ ಕಥೆಗೆ ಈ ದಾಖಲೆ ಇರುತ್ತಿರಲಿಲ್ಲ.

ಮೋಸ ಇರುವುದು ಹೆಚ್ಚಾಗಿ ಬೇರೆ ಕಡೆ. ‘ಆಡಿಷನ್ ಇದೆ, ನೋಂದಣಿ ಶುಲ್ಕ ಕಟ್ಟಿ’ ಎನ್ನುವವರು, ಕೆಲಸ ಮಾಡಿಸಿಕೊಂಡು ‘ನಿಮಗೆ ಒಳ್ಳೆ ಎಕ್ಸ್‌ಪೋಷರ್ ಸಿಕ್ಕಿತಲ್ಲ’ ಎಂದು ಕೈತೊಳೆದುಕೊಳ್ಳುವವರು, ಕಥೆ ಚರ್ಚೆ ಎಂದು ರಾತ್ರಿ ಹೊತ್ತಿನಲ್ಲಿ ಹೆಣ್ಣುಮಕ್ಕಳಿಗೆ ಸಂದೇಶ ಕಳಿಸುವವರು ಎಲ್ಲ ಗುಂಪುಗಳಲ್ಲೂ ನುಸುಳುತ್ತಾರೆ. ಕೆಲಸ ಕೊಡುವವನು ದುಡ್ಡು ಕೇಳಿದರೆ ಅಲ್ಲಿಗೆ ಮಾತು ಮುಗಿಸಿ. ಹೆಣ್ಣುಮಕ್ಕಳು ಒಂದು ಹೆಸರನ್ನು ತಮ್ಮ ತಮ್ಮಲ್ಲಿ ಹೇಳಿಕೊಂಡು ಎಚ್ಚರಿಸಿಕೊಳ್ಳುವುದನ್ನು ಚಾಡಿ ಎಂದು ಯಾರೂ ತಳ್ಳಿಹಾಕಬಾರದು. ಗುಂಪು ನಡೆಸುವವರು ಇಂಥ ದೂರು ಬಂದಾಗ ಗೆಳೆತನ ನೋಡದೆ ಆ ವ್ಯಕ್ತಿಯನ್ನು ಹೊರಗೆ ಹಾಕಬೇಕು. ಅದನ್ನು ಮಾಡದ ಗುಂಪಿನಲ್ಲಿ ಒಂದು ವರ್ಷದೊಳಗೆ ಹೆಣ್ಣುಮಕ್ಕಳೇ ಉಳಿಯುವುದಿಲ್ಲ.

ಗೆಳೆಯರ ನಡುವಿನ ವ್ಯವಹಾರಕ್ಕೂ ಕಾಗದ ಇರಲಿ. ಕಿರುಚಿತ್ರ ಒಂದೇ ಹಗಲಿನಲ್ಲಿ ಮುಗಿಯುವುದಾದರೂ ಸರಿ, ಕಥೆ ಯಾರದು, ಚಿತ್ರಕಥೆಯಲ್ಲಿ ಯಾರ ಹೆಸರು, ನಾಳೆ ದುಡ್ಡು ಬಂದರೆ ಹೇಗೆ ಹಂಚಿಕೆ ಎಂಬುದನ್ನು ಅರ್ಧ ಪುಟದಲ್ಲಿ ಕನ್ನಡದಲ್ಲೇ ಬರೆದು ಎಲ್ಲರೂ ಸಹಿ ಹಾಕಿ. ನಾನು ನೋಡಿದ ಮಟ್ಟಿಗೆ, ಹೊಸಬರ ತಂಡಗಳು ಸೋಲಿನಿಂದ ಒಡೆದದ್ದು ಕಡಿಮೆ. ಸಣ್ಣ ಗೆಲುವು ಬಂದಾಗ ಹೆಸರಿನ ವಿಷಯಕ್ಕೆ ಒಡೆದದ್ದೇ ಹೆಚ್ಚು.

ಮಾಡಿದ ಚಿತ್ರವನ್ನು ಜನರಿಗೆ ಮುಟ್ಟಿಸುವುದು ಇನ್ನೊಂದು ಬೆಟ್ಟ. ದೊಡ್ಡ ಓಟಿಟಿಗಳು ಕನ್ನಡದ ಸಣ್ಣ ಚಿತ್ರಗಳ ಕಡೆ ತಿರುಗಿ ನೋಡುವುದು ಅಪರೂಪ. ‘ಏಕಂ’ ಎಂಬ ಕರಾವಳಿಯ ಕಥೆಗಳ ಸರಣಿ ವರ್ಷಗಟ್ಟಲೆ ಕಾದು, ಕೊನೆಗೆ 2024ರಲ್ಲಿ ಅದನ್ನು ಮಾಡಿದವರು ತಮ್ಮದೇ ಜಾಲತಾಣ ತೆರೆದು ಅಲ್ಲಿ ತೋರಿಸಿದರು. ನೋಡಿದವರು ಇನ್ನೊಬ್ಬರಿಗೆ ಹೇಳಿದರು. ಅದಕ್ಕೆ ಜಾಹೀರಾತು ಬರೆದವರಲ್ಲಿ ಬಹಳ ಜನ ತಾವೂ ಬರೆಯುತ್ತಿರುವ, ತಾವೂ ಕಿರುಚಿತ್ರ ಮಾಡುತ್ತಿರುವ ಹುಡುಗ ಹುಡುಗಿಯರು. ಯಾರೂ ಅವರಿಗೆ ಕಾಸು ಕೊಟ್ಟಿರಲಿಲ್ಲ.

ಕೊನೆಯದಾಗಿ ಈ ಭಾಷಣ ಕೇಳುತ್ತಿರಬಹುದಾದ ನಮ್ಮ ನಿರ್ದೇಶಕರಿಗೆ, ಚಿತ್ರಕಥೆಗಾರರಿಗೆ ಒಂದು ಬಿನ್ನಹ. ಅಮೆರಿಕದ ಸ್ಟುಡಿಯೋಗಳು ಪ್ರತಿವರ್ಷ ಪ್ರಶಸ್ತಿಗಳ ಹೊತ್ತಿಗೆ ತಮ್ಮ ಚಿತ್ರಕಥೆಗಳನ್ನು ಪಿಡಿಎಫ್ ರೂಪದಲ್ಲಿ ಉಚಿತವಾಗಿ ಅಂತರ್ಜಾಲಕ್ಕೆ ಬಿಡುತ್ತವೆ. ಹೀಗಾಗಿ ಇವತ್ತು ಸಿಂಧನೂರಿನ ಒಬ್ಬ ಹುಡುಗಿ ಹಾಲಿವುಡ್ಡಿನ ಚಿತ್ರಕಥೆಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಬಲ್ಲಳು. ತನ್ನದೇ ಭಾಷೆಯ, ತಾನು ಮೂರು ಸಲ ನೋಡಿದ ಚಿತ್ರದ ಚಿತ್ರಕಥೆ ಮಾತ್ರ ಅವಳಿಗೆ ಸಿಗುವುದು ಕಷ್ಟ. ಕನ್ನಡದಲ್ಲಿ ಚಿತ್ರಕಥೆಗಳು ಅಚ್ಚಾದದ್ದೇ ಕಡಿಮೆ. ನಿಮ್ಮ ಚಿತ್ರ ಚಿತ್ರಮಂದಿರಗಳಲ್ಲಿ ಓಡಿ ಮುಗಿದ ಮೇಲೆ, ಶೂಟಿಂಗಿಗೆ ಬಳಸಿದ ಆ ಪ್ರತಿಯನ್ನು, ಹೊಡೆದುಹಾಕಿದ ದೃಶ್ಯಗಳು, ಅಂಚಿನ ಟಿಪ್ಪಣಿಗಳು ಹಾಗೆಯೇ ಇರುವಂತೆ, ಸ್ಕ್ಯಾನ್ ಮಾಡಿಸಿ ಎಲ್ಲರಿಗೂ ಸಿಗುವ ಹಾಗೆ ಹಾಕಿ. ಅಚ್ಚುಕಟ್ಟಾಗಿ ತಿದ್ದಿ ಟೈಪ್ ಮಾಡಿಸುವವರೆಗೂ ಕಾಯಬೇಡಿ. ಹೊಸಬರಿಗೆ ಬೇಕಾದದ್ದು ಆ ಹೊಡೆದುಹಾಕಿದ ಸಾಲುಗಳೇ.